ಮೊಟ್ಟೆಮನೆಯ ನೆಲಮಾಳಿಗೆಗೆ ಸಿಮೆಂಟು ಬಳಿದದ್ದು

ನೆಲಮಾಳಿಗೆಗೆ ಹನ್ನೊಂದು ಮೆಟ್ಟಿಲು. ಒಂಬತ್ತರವರೆಗೆ ಬೂಟು ಹಾಕಿಕೊಂಡೇ ಇಳಿದೆ. ಹತ್ತನೆಯದು ನೀರಿನೊಳಗಿತ್ತು. ಹಿಂದೆ ಲಾಂದ್ರ ಹಿಡಿದು ನಿಂತಿದ್ದ ಮೇಸ್ತ್ರಿ, "ಬೂಟು ಬಿಚ್ಚಿ ಸಾಮಿ, ಕೆಳಗಿರೋದು ನೀರು. ನಿಮ್ಮ ಸರ್ಟಿಫಿಕೇಟು ನೋಡಿ ಪಕ್ಕಕ್ಕೆ ಸರಿಯಲ್ಲ" ಎಂದರು. ನಮ್ಮಿಬ್ಬರ ವಾದ ಅಲ್ಲಿಂದಲೇ ಶುರುವಾಯಿತೆನ್ನಬೇಕು.

ಅದು ಬೆಂಗಳೂರಿಗೆ ಹತ್ತಿರದ ವಿಜಯಪುರದ ಒಂದು ರೇಷ್ಮೆ ಮೊಟ್ಟೆಮನೆ. ಹುಳು ಸಾಕುವ ರೈತರಿಗೆ ಮೊಟ್ಟೆ ತಯಾರಿಸಿ ಕೊಡುವ ಜಾಗ. ಬಿತ್ತನೆ ಗೂಡು ತರಿಸುತ್ತಾರೆ. ಗೂಡು ಒಡೆದು ಚಿಟ್ಟೆ ಹೊರಬರುತ್ತದೆ. ಜೋಡಿ ಕಟ್ಟಿಸಿ, ಹೆಣ್ಣು ಚಿಟ್ಟೆಯನ್ನು ಹಾಳೆಯ ಮೇಲೆ ಬಿಟ್ಟರೆ ಗಸಗಸೆಯಂಥ ಮೊಟ್ಟೆ ಇಡುತ್ತದೆ. ಆ ಹಾಳೆ ರೈತನ ಮನೆಗೆ ಹೋಗುತ್ತದೆ. ಇಷ್ಟೂ ಕೆಲಸ ತಂಪಿನಲ್ಲಿ ಆಗಬೇಕು. ಬೇಸಗೆಯಲ್ಲಿ ಹೆಂಚಿನ ಕೆಳಗಿಟ್ಟರೆ ಚಿಟ್ಟೆ ಮೊಟ್ಟೆ ಇಡುವ ಮೊದಲೇ ಸೋತುಬೀಳುತ್ತದೆ. ಅದಕ್ಕಾಗಿ ಯಜಮಾನರ ತಂದೆ ಮನೆಯಡಿ ಕಲ್ಲಿನ ನೆಲಮಾಳಿಗೆ ಕಟ್ಟಿಸಿದ್ದರು. ಅವರು ಕಟ್ಟಿಸುವಾಗ ಊರ ಕೆರೆ ಒಣಗಿ ವರ್ಷಗಳಾಗಿದ್ದವು. ಹೋದ ಮಳೆಗಾಲದಲ್ಲಿ ಕೆರೆ ಕೋಡಿ ಹರಿಯಿತು. ಕೆರೆಯ ಕೆಳಗಿನ ಗದ್ದೆಗೂ ನೆಲಮಾಳಿಗೆಯ ಪೂರ್ವದ ಗೋಡೆಗೂ ನಡುವೆ ಇದ್ದದ್ದು ಪಕ್ಕದವರ ಮನೆಯೊಂದೇ. ನೀರು ಬಂತು.

ನೀರಿಗಿಂತ ಕೆಟ್ಟದ್ದು ತೇವ. ಹಿಂದಿನ ಸಲದ ಮೊಟ್ಟೆಹಾಳೆಗಳಿಗೆ ಬೂಷ್ಟು ಹಿಡಿದು, ಅವನ್ನು ಒಯ್ದಿದ್ದ ತೂಬಗೆರೆ ಕಡೆಯ ರೈತರ ಮನೆಗಳಲ್ಲಿ ಹುಳುವೇ ಹೊರಬರಲಿಲ್ಲ. ಹುಳುವಿಗೆಂದು ಬೆಳೆದ ಹಿಪ್ಪುನೇರಳೆ ಸೊಪ್ಪು ಬಲಿತು ಗಿಡದಲ್ಲೇ ನಿಂತಿತು. ಯುದ್ಧದ ಕಾಲ, ಪ್ಯಾರಾಚೂಟಿಗೆಂದು ರೇಷ್ಮೆಯನ್ನು ಕೇಳುವವರೇ ಕೇಳುವವರು. ಅಂಥ ಹೊತ್ತಿನಲ್ಲಿ ಒಂದು ಬೆಳೆ ಕೈತಪ್ಪಿದರೆ ರೈತ ಮರೆಯುವುದಿಲ್ಲ. "ಇನ್ನೊಂದು ಸಲ ನೋಡ್ತೀವಿ ಅಂದವ್ರೆ. ಅದೂ ನಮ್ಮಪ್ಪನ ಮುಖ ನೋಡಿ" ಎಂದರು ಯಜಮಾನರು. "ಇನ್ನು ಇಪ್ಪತ್ತಾರು ದಿನಕ್ಕೆ ಬಿತ್ತನೆ ಗೂಡು ಬರ್ತದೆ. ಬಂದ ಹತ್ತನೇ ದಿನ ಚಿಟ್ಟೆ. ಚಿಟ್ಟೆಗೆ ಇವತ್ತು ಬೇಡ ನಾಳೆ ಬಾ ಅನ್ನಕ್ಕಾಗಲ್ಲ ಕಣಪ್ಪ. ಈ ಸಲವೂ ಬೂಷ್ಟು ಬಂದ್ರೆ ನಾನು ಬಾಗಿಲು ಹಾಕ್ಕೊಂಡು ಕೂತ್ಕೋಬೇಕು."

ನಾನು ಆಗ ತಾನೇ ಓವರ್ಸಿಯರ್ ಪರೀಕ್ಷೆ ಮುಗಿಸಿ ಬೆಂಗಳೂರಿನ ಒಬ್ಬ ಕಂಟ್ರಾಕ್ಟರರ ಕೈಕೆಳಗೆ ಸೇರಿದ್ದೆ. ಓದುವಾಗ ಚರ್ಚಾಕೂಟದಲ್ಲಿ ಪರವೋ ವಿರೋಧವೋ ಚೀಟಿ ಎತ್ತಿದ ಮೇಲೆ ತಿಳಿಯುತ್ತಿತ್ತು. ಯಾವುದು ಬಂದರೂ ಗೆಲ್ಲುತ್ತಿದ್ದೆ. ಈ ಕೆಲಸದ ಮಾತು ಬಂದಾಗ ಕಂಟ್ರಾಕ್ಟರು, "ಒಳಗಡೆಯಿಂದ ಸಿಮೆಂಟು ಬಳಿದರೆ ನಿಲ್ಲುತ್ತದೆಯೇನಯ್ಯಾ?" ಎಂದು ಕೇಳಿದ್ದರು. ನಿಲ್ಲುತ್ತದೆ ಎಂದು ಅರ್ಧ ಗಂಟೆ ವಾದಿಸಿದ್ದೆ. "ಹಾಗಾದರೆ ನೀನೇ ಹೋಗು" ಎಂದು ಕಳಿಸಿದರು.

ಮೇಸ್ತ್ರಿಯ ನಿಲುವು ಬೇರೆ. ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಮನುಷ್ಯ. ಸುಣ್ಣ, ಸುರ್ಕಿ ಎಂಬ ಇಟ್ಟಿಗೆ ಪುಡಿ, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸಿ ಅರೆದ ಗಾರೆಯನ್ನು ಮೂರು ತಿಂಗಳು ತಟ್ಟಿ ತಟ್ಟಿ ನಿಲ್ಲಿಸಬೇಕು ಎನ್ನುವವರು. ಮೂರು ತಿಂಗಳಿಲ್ಲವಲ್ಲ ಎಂದರೆ, "ಇಲ್ಲದಿದ್ರೆ ಇಲ್ಲ ಅನ್ನಿ. ಅದಕ್ಕೆ ಸಿಮೆಂಟು ಅನ್ಬೇಡಿ" ಎಂದು ನಕ್ಕರು. ಆಮೇಲೆ ಒಂದು ಮಾತು ಹೇಳಿದರು: "ನೀರು ಆ ಕಡೆಯಿಂದ ತಳ್ತದೆ. ನೀವು ಈ ಕಡೆ ಬಳೀತೀರಿ. ಬಾಗಿಲ ಹಿಂದೆ ನಿಂತವನು ತಳ್ತಾ ಇದ್ರೆ ಮುಂದೆ ಬಣ್ಣ ಹೊಡೆದ್ರೆ ಬಾಗಿಲು ನಿಲ್ತದಾ?"

ಉಪಮೆ ಪುರಾವೆಯಲ್ಲ ಎಂದು ಉತ್ತರ ಕೊಟ್ಟೆ. ಹೊರಗಡೆಯಿಂದ ಅಗೆದು ಬಳಿಯುವುದೇ ಸರಿಯಾದ ಕ್ರಮ ಎಂಬುದು ನನಗೂ ಗೊತ್ತಿತ್ತು. ಆದರೆ ಹೊರಗಡೆ ಪಕ್ಕದವರ ಗೋಡೆ ನಮ್ಮ ಗೋಡೆಗೆ ಅಂಟಿಕೊಂಡೇ ನಿಂತಿತ್ತು. ಅಗೆದರೆ ಅವರ ಮನೆ ಕುಸಿದು ಕೂರುತ್ತದೆ. ಆದ್ದರಿಂದ ಉಳಿದ ದಾರಿ ಒಂದೇ, ಉಳಿದ ದಾರಿಯೇ ಸರಿಯಾದ ದಾರಿ ಎಂದು ಮುಗಿಸಿದೆ. ಈ ತರ್ಕದಲ್ಲಿ ಎಲ್ಲಿ ತೂತಿದೆ ಎಂದು ಇಂದು ಯಾರಾದರೂ ಕೇಳಿದರೆ ತೋರಿಸಬಲ್ಲೆ. ಅಂದು ಯಾರೂ ಕೇಳಲಿಲ್ಲ.

ಮೊದಲು ನೀರು ಹೊತ್ತು ಹೊರಹಾಕಿದೆವು. ಇಬ್ಬರು ಆಳು, ಸೀಮೆಎಣ್ಣೆ ಡಬ್ಬ, ಬೆಳಗಿನಿಂದ ಸಂಜೆ. ಆಮೇಲೆ ಗೋಡೆ ಕೆತ್ತುವ ಕೆಲಸ. ಮೊಟ್ಟೆಮನೆಯಲ್ಲಿ ರೋಗ ಬರಬಾರದೆಂದು ಪ್ರತಿ ಬೆಳೆಗೂ ಸುಣ್ಣ ಹೊಡೆಯುತ್ತಾರೆ. ಒಂದರ ಮೇಲೊಂದು ಬಿದ್ದ ಸುಣ್ಣ ಬೆರಳು ದಪ್ಪದ ಪೊರೆಯಾಗಿ ನಿಂತಿತ್ತು. ಉಳಿ ಇಟ್ಟರೆ ಒಣರೊಟ್ಟಿಯಂತೆ ಎದ್ದುಬರುತ್ತಿತ್ತು. ಸಿಮೆಂಟು ಸುಣ್ಣಕ್ಕೆ ಅಂಟಿದರೆ ಸುಣ್ಣದ ಜೊತೆಗೇ ಬೀಳುತ್ತದೆ. ಅದು ಕಲ್ಲಿಗೇ ಅಂಟಬೇಕು. ನಾಲ್ಕೂ ಗೋಡೆಯನ್ನು ತೇವ ಏರಿದ ಎತ್ತರದವರೆಗೆ, ಅಂದರೆ ನನ್ನ ಎದೆಮಟ್ಟದವರೆಗೆ, ಕಲ್ಲು ಕಾಣುವ ತನಕ ಕೆತ್ತಿಸಿದೆ. ಕಲ್ಲಿನ ಸಂದುಗಳಲ್ಲಿ ಸತ್ತುಹೋಗಿದ್ದ ಹಳೆಯ ಗಾರೆಯನ್ನು ಒಂದು ಅಂಗುಲ ಆಳಕ್ಕೆ ಕೆರೆಸಿದೆ. ನಯವಾಗಿದ್ದ ಕಲ್ಲಿಗೆ ಕಚ್ಚು ಹೊಡೆಸಿದೆ. ಐದು ದಿನ ಹಿಡಿಯಿತು.

ಮರಳಿನ ಬಗ್ಗೆಯೂ ಜಗಳವಾಯಿತು. ಹಳ್ಳದಿಂದ ಗಾಡಿಯಲ್ಲಿ ಬಂದ ಮರಳನ್ನು ಗಾಜಿನ ಲೋಟಕ್ಕೆ ಹಾಕಿ, ನೀರು ಸುರಿದು ಕಲಕಿ ಇಟ್ಟೆ. ಮರಳು ಕೆಳಗೆ ಕೂತಿತು. ಅದರ ಮೇಲೆ ಬೆರಳು ದಪ್ಪ ಮಣ್ಣು ಕೂತಿತು. ತೊಳೆಯಿರಿ ಎಂದೆ. "ಮರಳಿಗೂ ಸ್ನಾನ ಮಾಡಿಸ್ತಾರಂತೆ ಕಣ್ರಲಾ" ಎಂದು ಮೇಸ್ತ್ರಿ ಆಳುಗಳಿಗೆ ಹೇಳಿದರು. ಆದರೆ ಮೂರು ಸಲ ತೊಳೆಸಿದರು. ಸಿಮೆಂಟು ಪರ್ಮಿಟ್ಟಿನ ಮೇಲೆ ಬಂದದ್ದು ಇಪ್ಪತ್ತೆಂಟು ಚೀಲ. ಅದರಲ್ಲಿ ನಾಲ್ಕು ಕಲ್ಲಾಗಿದ್ದವು. ಉಳಿದವನ್ನು ನೆಲದಿಂದ ಎತ್ತರಿಸಿ, ಮೇಲಿನ ಕೋಣೆಯಲ್ಲಿ ಹಲಗೆಯ ಮೇಲೆ ಜೋಡಿಸಿದೆವು.

ಗೋಡೆಯನ್ನು ಹಿಂದಿನ ದಿನವೇ ನೆನೆಸಿ, ಮೊದಲು ಮರಳಿಲ್ಲದೆ ನೀರಿಗೆ ಕಲಸಿದ ಬರಿಯ ಸಿಮೆಂಟಿನ ತಿಳಿಯನ್ನು ಸುಣ್ಣದ ಕುಂಚದಿಂದ ತಿಕ್ಕಿ ಬಳಿದು, ಅದು ಹಸಿಯಾಗಿರುವಾಗಲೇ ಒಂದಕ್ಕೆ ಎರಡು ಮರಳು ಕಲಸಿದ ಗಾರೆಯನ್ನು ಅರ್ಧ ಅಂಗುಲ ದಪ್ಪ ಒತ್ತಿದೆವು. ಮೇಸ್ತ್ರಿಗೆ ಸಿಮೆಂಟಿನ ಮೇಲೆ ನಂಬಿಕೆ ಇರಲಿಲ್ಲ, ಕರಣೆಯ ಮೇಲೆ ಇತ್ತು. ಅವರು ಎಳೆದ ಗೋಡೆಯ ಮೇಲೆ ಲಾಂದ್ರದ ಬೆಳಕು ಎಲ್ಲೂ ತಡೆಯದೆ ಹರಿಯುತ್ತಿತ್ತು. ಮೂರು ದಿನದಲ್ಲಿ ನಾಲ್ಕು ಗೋಡೆ ಮುಗಿಯಿತು. "ಈಗೇನಂತೀರಿ?" ಎಂದು ಕೇಳಿದೆ. "ನಾನೇನೂ ಅನ್ನಲ್ಲ. ಗೋಡೆ ಅನ್ನಲಿ" ಎಂದರು.

ಮೂರನೆಯ ಬೆಳಗ್ಗೆ ಗೋಡೆ ಅಂದಿತು. ಪೂರ್ವದ ಗೋಡೆಯ ನಡುವೆ, ಮೊಣಕಾಲಿನ ಮಟ್ಟದಲ್ಲಿ, ಮೊರದಗಲ ಉಬ್ಬಿಕೊಂಡಿತ್ತು. ಮೇಸ್ತ್ರಿ ಕರಣೆಯ ಹಿಡಿಯಿಂದ ತಟ್ಟಿದರು. ಖಾಲಿ ಗುಡಾಣ ತಟ್ಟಿದ ಸದ್ದು. ಇನ್ನೊಂದು ಕಡೆ ತಟ್ಟಿದರು, ಅಲ್ಲೂ ಅದೇ. ನಾನು ಮರಳಿನ ಮಾತೆತ್ತುವ ಮೊದಲೇ ಉಬ್ಬು ಬಿರಿದು, ಹಪ್ಪಳದಂಥ ಒಂದು ಪದರ ನೀರಿನ ಜೊತೆಗೆ ಅವರ ಕಾಲ ಮೇಲೆ ಬಿತ್ತು. ಉಳಿದ ಮೂರು ಗೋಡೆ ಗಟ್ಟಿಯಾಗಿದ್ದವು.

ಆ ದಿನ ಪೂರ್ತಿ ನಾನು ವಾದಿಸಿದೆ. ಆ ಭಾಗದ ಮರಳು ಸರಿಯಾಗಿ ತೊಳೆದಿರಲಿಲ್ಲ ಎಂದೆ. ನೆನೆಸಿದ್ದು ಸಾಲದು ಎಂದೆ. ಮೇಸ್ತ್ರಿ ಎಲ್ಲಕ್ಕೂ ತಲೆಯಾಡಿಸಿ ಕೊನೆಗೆ, "ನಾಲ್ಕು ಗೋಡೆಗೂ ಒಂದೇ ಮರಳು, ಒಂದೇ ನೀರು, ಒಂದೇ ಕೈ. ಬಿದ್ದದ್ದು ಕೆರೆ ಕಡೆಯದು ಮಾತ್ರ. ನೀವು ಓದಿದೋರು, ನೀವೇ ಹೇಳಿ" ಎಂದರು.

ಚರ್ಚೆಯಲ್ಲಿ ಎದುರಾಳಿ ಇಂಥ ಪ್ರಶ್ನೆ ಕೇಳಿದರೆ ವಿಷಯವನ್ನು ಬೇರೆ ಕಡೆ ತಿರುಗಿಸಬೇಕು. ಅದು ನನಗೆ ಚೆನ್ನಾಗಿ ಬರುತ್ತಿತ್ತು. ಆದರೆ ಗೋಡೆಯನ್ನು ತಿರುಗಿಸುವುದು ಹೇಗೆ? ಅವರು ಹೇಳಿದ್ದು ನಿಜವಾದರೆ ಗೋಡೆಯ ಹಿಂದೆ ನೀರು ಒತ್ತಿಕೊಂಡು ನಿಂತಿರಬೇಕು. ಸಂದಿನಲ್ಲಿ ಒಂದು ತೂತು ಕೊರೆದರೆ ಅದು ಒಸರಬಾರದು, ಚಿಮ್ಮಬೇಕು. ಪಾದದ ಮಟ್ಟದಲ್ಲಿ ಉಳಿ ಇಟ್ಟು ಕೊರೆಸಿದೆ. ಒಂದು ಮೊಳ ಒಳಗೆ ಹೋದಾಗ ಉಳಿಯನ್ನೇ ನೂಕಿಕೊಂಡು ಕಿರುಬೆರಳು ಗಾತ್ರದ ನೀರಿನ ಧಾರೆ ಹೊರಬಂತು. ಅದನ್ನು ನೋಡುತ್ತ ನಿಂತಿದ್ದಾಗ ಇನ್ನೊಂದು ಕಂಡಿತು. ಧಾರೆ ಹರಿದ ಹಾಗೆಲ್ಲ, ಅದರ ಅಕ್ಕಪಕ್ಕದ ಸಂದುಗಳ ಒಸರು ನಿಲ್ಲುತ್ತಿತ್ತು. ಅರ್ಧ ಗಂಟೆಯಲ್ಲಿ ಸುತ್ತಲಿನ ಒಂದು ಮಾರು ಗೋಡೆ ಹೊಳಪು ಕಳೆದುಕೊಂಡಿತು.

"ಮೇಸ್ತ್ರಿ, ನೀವು ಹೇಳಿದ್ದೇ ಸರಿ" ಎಂದೆ.

"ಅದು ಸರಿ. ಮುಂದೆ?"

ಮುಂದಿನದು ಅವರಿಗೂ ಗೊತ್ತಿರಲಿಲ್ಲ. ಅದಕ್ಕೇ ಈ ನಿರ್ಧಾರವನ್ನು ನನ್ನದೆಂದು ಹೇಳಿಕೊಳ್ಳುತ್ತೇನೆ. ನೀರನ್ನು ತಡೆಯುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟೆ. ಬಾ ಎಂದು ದಾರಿ ಕೊಟ್ಟೆ. ಪೂರ್ವದ ಗೋಡೆಯ ಬುಡದಲ್ಲಿ ಆರು ತೂತು ಕೊರೆದು, ಆರಕ್ಕೂ ಗೇಣುದ್ದದ ಕಬ್ಬಿಣದ ಪೈಪು ಸಿಕ್ಕಿಸಿದೆವು. ಪೈಪಿನ ಬಾಯಿಗೆ ಸೀಳಿದ ಬೊಂಬು, ಬೊಂಬಿನ ತುದಿಗೆ ಮೂಲೆಯಲ್ಲಿ ತೋಡಿದ ಹೊಂಡ. ಹೊಂಡದಿಂದ ಡಬ್ಬದಲ್ಲಿ ಮೇಲಕ್ಕೆ. ನೀರು ಈ ಆರು ಬಾಯಿಂದ ಹರಿಯುತ್ತಿರುವಷ್ಟು ಹೊತ್ತು ಗೋಡೆಯ ಮೇಲೆ ಒತ್ತಡವಿಲ್ಲ. ಆ ಬಿಡುವಿನಲ್ಲಿ ಸಿಮೆಂಟು ಬಳಿದು, ಅದು ಕಲ್ಲಿಗೆ ಕಚ್ಚಿ ಗಟ್ಟಿಯಾದ ಮೇಲೆ, ಕೊನೆಗೆ ಪೈಪುಗಳನ್ನು ಒಂದೊಂದಾಗಿ ಮುಚ್ಚಬೇಕು. ಆಗ ತಳ್ಳಿದರೂ ತಳ್ಳಿಸಿಕೊಳ್ಳುವಷ್ಟು ಶಕ್ತಿ ಅದಕ್ಕೆ ಬಂದಿರುತ್ತದೆ.

ಮೇಸ್ತ್ರಿ, "ಹಸಿ ಗೋಡೆಗೆ ಬಾಣಂತನ ಮಾಡ್ಬೇಕು ಅಂತೀರಿ" ಎಂದರು. ಅದು ಒಪ್ಪಿಗೆ.

ಪೂರ್ವದ ಗೋಡೆಯನ್ನು ಪೂರ್ತಿ ಕೆತ್ತಿ ಹೊಸದಾಗಿ ಬಳಿದೆವು. ನಾಲ್ಕು ದಿನ ಬೆಳಗ್ಗೆ ಸಂಜೆ ತಟ್ಟಿ ನೋಡಿದೆವು. ಎಲ್ಲೂ ಟೊಳ್ಳು ಸದ್ದಿಲ್ಲ. ನಾನು ಹಿಗ್ಗಿದ್ದೆ. ಹಿಗ್ಗಿದವನಿಗೆ ಕಣ್ಣು ಕಡಿಮೆ ಕಾಣುತ್ತದೆ ಎಂಬುದನ್ನು ಮುಂದಿನ ವಾರ ಕಲಿತೆ.

ಗೋಡೆಗಳಾದ ಮೇಲೆ ನೆಲಕ್ಕೂ ಎರಡು ಪದರ ಸಿಮೆಂಟು ಬಳಿಯುವುದಿತ್ತು. ಗುರುವಾರ ನೆಲದ ಮೊದಲ ಪದರ ಮುಗಿಸಿದೆವು. ಎರಡನೆಯದು ಶನಿವಾರಕ್ಕೆ. ಶುಕ್ರವಾರ ಮೇಸ್ತ್ರಿ ಊರಿಗೆ ಹೋದರು. ಉಳಿದ ಸಿಮೆಂಟು ಸಾಲದೆಂದು ನಾನು ಇದ್ದಿಲು ಗ್ಯಾಸಿನ ಬಸ್ಸು ಹತ್ತಿ ಬೆಂಗಳೂರಿಗೆ ಹೋದೆ. ಏರು ಬಂದಾಗಲೆಲ್ಲ ಇಳಿದು ತಳ್ಳಿದೆ. ಕೇಳಿದ್ದು ನಾಲ್ಕು ಚೀಲ, ಸಿಕ್ಕಿದ್ದು ಎರಡು. ಇನ್ನು ಪರ್ಮಿಟ್ಟು ಸಿಗುವುದಿಲ್ಲ ಎಂದು ಕಂಟ್ರಾಕ್ಟರು ಖಂಡಿತವಾಗಿ ಹೇಳಿದರು. ಶನಿವಾರ ಬೆಳಗ್ಗೆ ವಾಪಸು ಬಂದು ಮೇಸ್ತ್ರಿಯ ಜೊತೆ ಇಳಿದರೆ, ಮೆಟ್ಟಿಲ ಬುಡದಲ್ಲಿ ಅಂಗೈಯಗಲದ ರಂಗೋಲಿ. ಕಾಲಿನಿಂದ ಒರೆಸಿದೆ. ಎರಡನೆಯ ಪದರ ಹಾಕಿದೆವು.

ಸೋಮವಾರ ಬಿತ್ತನೆ ಗೂಡಿನ ಬುಟ್ಟಿಗಳು ಬಂದವು. ಮಂಗಳವಾರ ನೆಲದ ಮೇಲಿನ ಪದರ ಎದ್ದಿತು. ಒಂದು ಕಡೆಯಲ್ಲ. ಕಾಲಿಟ್ಟಲ್ಲೆಲ್ಲ ಸದ್ದು, ಅಂಚು ಹಿಡಿದು ಎತ್ತಿದರೆ ತಟ್ಟೆಯಂತೆ ಕೈಗೆ ಬರುತ್ತಿತ್ತು. ನಾನು ತುಂಡೊಂದನ್ನು ಹಿಡಿದು ನೀರಿನ ಪ್ರಮಾಣ, ಬಿಸಿಲು, ಗಾಳಿ ಎಂದು ಏನೇನೋ ಹೇಳುತ್ತಿದ್ದೆ. ಮೇಸ್ತ್ರಿ ಇನ್ನೊಂದನ್ನು ಮಗುಚಿ ಲಾಂದ್ರಕ್ಕೆ ಹಿಡಿದರು. ಕೆಳಮೈಯಲ್ಲಿ ತೆಳುವಾದ ಹಸುರು ಪೊರೆ. ಅದರಲ್ಲಿ ಹುಲ್ಲಿನ ಒಂದು ಎಳೆ. ಮೂಸಿ ನೋಡಿ ನನ್ನ ಮೂಗಿಗೂ ಹಿಡಿದರು.

"ಸಗಣಿ" ಎಂದರು. "ನೆಲ ಸಾರಿಸವ್ರೆ ಸಾಮಿ."

ಸಾರಿಸದ ನೆಲದ ಮೇಲೆ ನಮ್ಮ ಸೀಮೆಯಲ್ಲಿ ಯಾವ ಹೆಂಗಸೂ ರಂಗೋಲಿ ಇಡುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ನಮ್ಮ ಮನೆಯಲ್ಲೂ ದಿನಾ ಕಂಡದ್ದೇ. ಬೂದು ಸಿಮೆಂಟಿನ ಮೇಲೆ ಒಣಗಿದ ಸಗಣಿನೀರು ಲಾಂದ್ರದ ಬೆಳಕಿನಲ್ಲಿ ಬೇರೆಯಾಗಿ ಕಾಣದಿದ್ದಿರಬಹುದು, ಒಪ್ಪೋಣ. ರಂಗೋಲಿ ಕಂಡಿತ್ತಲ್ಲ. "ನೀವೂ ಕಂಡ್ರಿ, ನಾನೂ ಕಂಡೆ" ಎಂದರು ಮೇಸ್ತ್ರಿ. ಅವರ ಜೊತೆ ನಡೆದ ವಾದಗಳಲ್ಲಿ ಅತಿ ಚಿಕ್ಕದು ಇದು.

ಸಾರಿಸಿದವರು ಯಜಮಾನರ ತಾಯಿ. ನಾನು ಮೆಟ್ಟಿಲು ಹತ್ತಿ ನೇರ ಅಡಿಗೆಮನೆಯ ಬಾಗಿಲಿಗೆ ಹೋದೆ.

"ಅಜ್ಜೀ, ಹಸಿ ಸಿಮೆಂಟಿನ ಮೇಲೆ ಸಗಣಿ ಹಾಕಿ ಅಂತ ನಿಮಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕಪ್ಪಾ? ಶುಕ್ರವಾರ. ಹೊಸ ನೆಲ. ಬರಿ ನೆಲ ಹಂಗೇ ಬಿಡಕ್ಕಾಗ್ತದಾ?"

"ನಿಮ್ಮಿಂದ ಎರಡನೇ ಪದರ ಪೂರ್ತಿ ಎದ್ದುಹೋಯ್ತು. ಒಳಗೆ ಯಾರೂ ಇಳೀಬಾರದು ಅಂತ ಬಾಗಿಲ ಮೇಲೆ ಕಾಗದ ಅಂಟಿಸಿದ್ದೆನಲ್ಲ."

"ಅಂಟಿಸಿದ್ದೆ. ನಾನು ಓದಿದ್ದೀನಾ?" ಅಜ್ಜಿ ಒಲೆಯ ಮುಂದಿನಿಂದ ಏಳಲೂ ಇಲ್ಲ. "ನೀನು ಮೇಸ್ತ್ರಿಗೆ ಹೇಳ್ದೆ. ಆಳುಗಳಿಗೆ ಹೇಳ್ದೆ. ನನ್ನ ಮಗನಿಗೆ ಒಂದು ಗಂಟೆ ಹೇಳ್ದೆ, ನಾನು ಇಲ್ಲಿ ಕೂತು ಕೇಳಿಸ್ಕೊಂಡೆ. ಬಾಗಿಲಿಗೂ ಹೇಳ್ದೆ. ದಿನಾ ಈ ಮನೆ ನೆಲ ಮುಟ್ಟೋಳು ಯಾರು? ಅವಳಿಗೆ ಹೇಳಿದ್ಯಾ ಮಗಾ?"

ಉತ್ತರಕ್ಕಾಗಿ ಕಾದರು. ಚರ್ಚಾಕೂಟದಲ್ಲಾಗಿದ್ದರೆ ಸಮಯ ಮುಗಿದ ಗಂಟೆ ಹೊಡೆಯುತ್ತಿತ್ತು, ಬಚಾವಾಗುತ್ತಿದ್ದೆ.

ಚಿಟ್ಟೆ ಬರಲು ಒಂಬತ್ತು ದಿನ. ಸಿಮೆಂಟು ಉಳಿದದ್ದು ಎರಡೂವರೆ ಚೀಲ. ಎದ್ದ ಕಡೆ ಮಾತ್ರ ತೇಪೆ ಹಾಕಿ ಮುಗಿಸೋಣ ಎಂದು ಯಜಮಾನರು ಕೇಳಿಕೊಂಡರು. "ಮೇಲೆ ಚಾಪೆ ಹಾಸಿದ್ರೆ ಕಾಣಲ್ಲ ಬಿಡಪ್ಪ." ಪೊರೆ ಒಂದು ಕಡೆ ಇಲ್ಲ, ಇಡೀ ನೆಲದಲ್ಲಿದೆ, ಇವತ್ತು ಗಟ್ಟಿ ಕಂಡದ್ದು ಇನ್ನು ಹದಿನೈದು ದಿನಕ್ಕೆ, ಚಿಟ್ಟೆ ಮೊಟ್ಟೆಯಿಡುವ ಹೊತ್ತಿಗೆ, ಎದ್ದು ನಿಲ್ಲುತ್ತದೆ ಎಂದೆ. ಎರಡನೆಯ ಪದರವನ್ನು ಪೂರ್ತಿ ಕೆತ್ತಿ ಹಾಕಲು ಹೇಳಿದೆ. ಆದರೆ ಅಷ್ಟು ಸಿಮೆಂಟಿನಲ್ಲಿ ಗಾರೆ ಹಾಕಿದರೆ ಕಾಲು ಭಾಗ ನೆಲವೂ ಮುಗಿಯದು. ಇದಕ್ಕೂ ನನ್ನ ಬಳಿ ಒಂದು ಯೋಚನೆ ಇತ್ತು, ಪುಸ್ತಕದ ಬೆಂಬಲವಿಲ್ಲದ ಯೋಚನೆ. ಕಲ್ಲಿಗೆ ಅಂಟಿದ್ದ ಮೊದಲ ಪದರ ಎಲ್ಲೂ ಅಲುಗಿರಲಿಲ್ಲ. ಬೇಕಾದದ್ದು ದಪ್ಪವಲ್ಲ, ಸಂದಿಲ್ಲದ ಮುಚ್ಚಿಗೆ. ಗಾರೆಯ ಆಸೆ ಬಿಟ್ಟು, ಬರಿಯ ಸಿಮೆಂಟಿನ ತಿಳಿಯನ್ನೇ ಕುಂಚದಿಂದ ಮೂರು ಸಲ ಬಳಿಯುವುದು.

"ಮದುವೆ ಮನೆಗೆ ಸುಣ್ಣ ಹೊಡೆದಂಗೆ" ಎಂದರು ಮೇಸ್ತ್ರಿ. "ಅರ್ಧ ಅಂಗುಲ ನಿಲ್ಲದ ಜಾಗದಲ್ಲಿ ಕಾಗದದಷ್ಟು ನಿಲ್ತದೆ ಅಂತೀರಾ?"

"ಅರ್ಧ ಅಂಗುಲ ನಿಂತದ್ದು ಸಗಣಿ ಮೇಲೆ. ಇದು ನಿಲ್ಲೋದು ಸಿಮೆಂಟಿನ ಮೇಲೆ."

"ಬಿದ್ರೆ?"

"ಬಿದ್ರೆ ನಾನು ಬೆಂಗಳೂರಿಗೆ ಹೋಗಲ್ಲ. ನಿಮ್ಮ ಹತ್ರ ಅಳಲೆಕಾಯಿ ಕುಟ್ಟೋಕೆ ಸೇರ್ಕೋತೀನಿ."

"ನಿಮ್ಮ ಕೈಲಿ ಕುಟ್ಟಿಸಿದ್ರೆ ಅಳಲೆಕಾಯಿ ಜೊತೆ ಜಗಳ ಆಡ್ತೀರಿ" ಎಂದು ಉಳಿ ಕೈಗೆತ್ತಿಕೊಂಡರು.

ಎರಡು ದಿನ ಕೆತ್ತಿದೆವು. ತಂತಿ ಬ್ರಷ್ಷು, ಇಟ್ಟಿಗೆ ಚೂರು ಹಿಡಿದು ಹಸುರು ಹೋಗುವ ತನಕ ಉಜ್ಜಿದೆವು. ನಾನೂ ಮೊಣಕಾಲೂರಿ ಉಜ್ಜಿದೆ. ತೊಳೆದ ನೀರು ತಿಳಿಯಾಗಿ ಬರುವವರೆಗೆ ಬಿಡಲಿಲ್ಲ. ಆಮೇಲೆ ತಿಳಿ ಕಲಸಿದ್ದು, ಮಜ್ಜಿಗೆಗಿಂತ ಗಟ್ಟಿ, ದೋಸೆಹಿಟ್ಟಿಗಿಂತ ತೆಳು. ಒಂದು ಸಲಕ್ಕೆ ಒಂದು ಬೋಗುಣಿ ಮಾತ್ರ, ಏಕೆಂದರೆ ಅರ್ಧ ಗಂಟೆಯಲ್ಲಿ ಗಟ್ಟಿಯಾಗತೊಡಗುತ್ತಿತ್ತು. ನೆಲ ಒದ್ದೆಯಾಗಿರಬೇಕು, ನೀರು ನಿಂತಿರಬಾರದು. ಮೊದಲ ಸಲ ಪೂರ್ವ ಪಶ್ಚಿಮವಾಗಿ, ಎರಡನೆಯದು ಉತ್ತರ ದಕ್ಷಿಣವಾಗಿ, ಮೂರನೆಯದು ಮತ್ತೆ ಅಡ್ಡವಾಗಿ, ಒಂದು ಕುಂಚದ ಗೆರೆ ಬಿಟ್ಟ ಸಂದನ್ನು ಇನ್ನೊಂದು ಮುಚ್ಚುವಂತೆ. ಗೋಡೆಯೂ ನೆಲವೂ ಕೂಡುವ ಮೂಲೆಗೆ ಗಾರೆ ತುಂಬಿ, ಮೇಸ್ತ್ರಿ ಹೆಬ್ಬೆರಳಿನಿಂದ ಉರುಟಾಗಿ ಒತ್ತಿದರು. ಸುತ್ತಲೂ ಅವರ ಹೆಬ್ಬೆರಳಿನ ಗುರುತಿತ್ತು. ಎರಡು ದಿನ.

ಇನ್ನು ನೆನೆಸಿಡುವ ಕೆಲಸ. ಪುಸ್ತಕ ಏಳು ದಿನ ಎನ್ನುತ್ತದೆ, ನಮಗಿದ್ದದ್ದು ಮೂರು. ಆ ಮೂರು ದಿನ ಒಂದು ಗಳಿಗೆಯೂ ಒಣಗಬಾರದು. ಗೋಡೆಯ ಕೆಲಸದಲ್ಲಿ ಆಳುಗಳು ನೀರು ಚಿಮುಕಿಸುವುದನ್ನು ಎರಡು ಸಲ ಮರೆತಿದ್ದರು. ನಾನು ಅಡಿಗೆಮನೆಗೆ ಹೋಗಿ ಬಾಗಿಲಲ್ಲೇ ಕೂತು, ಯಜಮಾನರಿಗೆ ಹೇಳಿದ ಒಂದು ಗಂಟೆಯ ಮಾತನ್ನು ಅಜ್ಜಿಗೆ ಹೇಳಿದೆ. ಅವರು ನಡುವೆ ಎರಡು ಪ್ರಶ್ನೆ ಕೇಳಿದರು. ಎರಡೂ ಮಗ ಕೇಳದ ಪ್ರಶ್ನೆಗಳು: ನೀರು ಸುರಿಯಬೇಕೋ ಚಿಮುಕಿಸಬೇಕೋ, ಬೆಚ್ಚಗಿದ್ದರೆ ತೊಂದರೆಯೋ.

"ಹುಳುವಿನ ಮನೇಲಿ ಬೇಸಗೇಲಿ ಒದ್ದೆ ಗೋಣಿ ಇಳಿಬಿಡ್ತೀವಿ. ಅದನ್ನೇ ನೆಲಕ್ಕೆ ಹಾಸಿದ್ರಾಯ್ತು. ಗೋಣಿ ಒಣಗಲ್ಲ, ನೆಲವೂ ಒಣಗಲ್ಲ" ಎಂದು ಎದ್ದರು. "ಸಗಣಿ ಹಾಕಲ್ಲ ಹೋಗು."

ಮೂರು ದಿನ ಆ ನೆಲಮಾಳಿಗೆಗೆ ಅವರೇ ಯಜಮಾನಿ. ಗೋಣಿಯ ಅಂಚು ಎತ್ತಿ ನೋಡಬೇಕಾದರೂ ನಾನು ಕೇಳಿ ನೋಡಬೇಕಾಗಿತ್ತು.

ಎಂಟನೆಯ ದಿನ ಗೋಣಿ ತೆಗೆದೆವು. ನೆಲ ಕಡುಬೂದಿ, ಎಲ್ಲೂ ಬಿರುಕಿಲ್ಲ. ಪೈಪುಗಳನ್ನು ಮುಚ್ಚುವ ಸರದಿ. ಹರಿಯುವ ನೀರಿಗೆ ಸಾಮಾನ್ಯ ಸಿಮೆಂಟು ನಿಲ್ಲುವುದಿಲ್ಲ. ಗಟ್ಟಿಯಾಗುವ ಮೊದಲೇ ತೊಳೆದುಹೋಗುತ್ತದೆ. ಬಟ್ಟೆ ಒಗೆಯುವ ಸೋಡಾವನ್ನು ನೀರಿನಲ್ಲಿ ಕರಗಿಸಿ ಸಿಮೆಂಟು ಕಲಸಿದರೆ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ ಎಂದು ಓದಿದ್ದೆ, ಮಾಡಿರಲಿಲ್ಲ. ಹಿಂದಿನ ದಿನ ಅಂಗೈಯಲ್ಲೇ ಉಂಡೆ ಹಿಡಿದು, ಎಣಿಸುತ್ತ ಪರೀಕ್ಷೆ ಮಾಡಿದ್ದೆ. ಉಂಡೆ ಕೈಯಲ್ಲಿ ಬೆಚ್ಚಗಾಗುತ್ತದೆ. ಬೆಚ್ಚಗಾದ ಕೂಡಲೇ ಒತ್ತಬೇಕು. ತಡಮಾಡಿದರೆ ಕಲ್ಲು, ಆತುರಪಟ್ಟರೆ ಕೆಸರು.

ಮೊದಲ ಐದನ್ನು ಮೇಸ್ತ್ರಿ ಮುಚ್ಚಿದರು. ಪ್ರತಿಯೊಂದು ಮುಚ್ಚಿದಾಗಲೂ ಉಳಿದವುಗಳ ಧಾರೆ ಜೋರಾಗುತ್ತಿತ್ತು. ಐದು ಮುಚ್ಚಿದ ಮೇಲೆ ಆರನೆಯದು ಮೊಳದೂರ ಚಿಮ್ಮತೊಡಗಿತು. ಇಡೀ ಗೋಡೆಯ ಹಿಂದಿನ ನೀರು ಈಗ ಅದೊಂದೇ ಬಾಯಲ್ಲಿ. ಅದನ್ನೂ ಮುಚ್ಚಿದರೆ ಒತ್ತಡ ಪೂರ್ತಿ ನಾವು ಬಳಿದ ಪದರದ ಮೇಲೆ. ಮೇಸ್ತ್ರಿ ಉಂಡೆಯನ್ನು ನನ್ನ ಕೈಗಿಟ್ಟರು.

"ಇದು ನಿಮ್ಮದು ಸಾಮಿ."

ಬೆಚ್ಚಗಾಗುವವರೆಗೆ ಕಾದು, ಅಂಗೈಯ ಬುಡದಿಂದ ಒತ್ತಿ ಹಿಡಿದೆ. ಕೈಯ ಕೆಳಗೆ ನೀರು ತಳ್ಳುವುದು ಗೊತ್ತಾಗುತ್ತಿತ್ತು. ಆಮೇಲೆ ಕಡಿಮೆಯಾಯಿತು. ಆಮೇಲೆ ಕೈಯ ಕೆಳಗಿದ್ದದ್ದು ಕಲ್ಲು. ಸೋಡಾಕ್ಕೂ ಸಿಮೆಂಟಿಗೂ ಅಂಗೈಯ ಚರ್ಮ ಸುಲಿದಿತ್ತು. ಅದು ಸಂಜೆ ಅನ್ನ ಕಲಸುವಾಗ ತಿಳಿಯಿತು. ಮೂಲೆಯ ಹೊಂಡಕ್ಕೆ ಕಲ್ಲಿನ ಮುಚ್ಚಳ ಕೂರಿಸಿ, ಅದರ ಅಂಚಿಗೆ ಮೇಸ್ತ್ರಿ ತಮ್ಮ ಸುರ್ಕಿ ಗಾರೆಯನ್ನೇ ಮೆತ್ತಿದರು. ನಾನು ತಕರಾರು ಮಾಡಲಿಲ್ಲ.

ಪರೀಕ್ಷೆಗೆ ಒಲೆಯ ಬೂದಿ ಸಾಕು. ಜರಡಿ ಹಿಡಿದ ಒಣಬೂದಿಯನ್ನು ನೆಲಕ್ಕೆಲ್ಲ ತೆಳುವಾಗಿ ಉದುರಿಸಿ, ಗೋಡೆಗೂ ಎರಚಿ, ಬಾಗಿಲು ಹಾಕಿ ಬಂದೆವು. ಎಲ್ಲಿ ತೇವ ಬಂದರೂ ಅಲ್ಲಿ ಬೂದಿ ಕಪ್ಪಾಗುತ್ತದೆ. ಬೆಳಗ್ಗೆ ಯಜಮಾನರು, ಮೇಸ್ತ್ರಿ, ಅಜ್ಜಿ, ನಾನು ಸಾಲಾಗಿ ಇಳಿದೆವು. ಲಾಂದ್ರವನ್ನು ನೆಲದ ಮಟ್ಟಕ್ಕೆ ಹಿಡಿದು ಮೂಲೆ ಮೂಲೆ ನೋಡಿದೆ. ಪೂರ್ವದ ಗೋಡೆಯಲ್ಲಿ, ಮೂರನೆಯ ಪೈಪಿನ ಪಕ್ಕ, ರೂಪಾಯಿ ಅಗಲದ ಒಂದು ಕಪ್ಪು ಚುಕ್ಕೆ. ಉಳಿದದ್ದೆಲ್ಲ ಬಿಳಿ. ಚುಕ್ಕೆಯನ್ನು ಕೆತ್ತಿ, ಸೋಡಾದ ಉಂಡೆ ಒತ್ತಿ, ಮೇಲೆ ಮೂರು ಕುಂಚ ಬಳಿದೆವು. ಮಧ್ಯಾಹ್ನಕ್ಕೆ ಅದೂ ಬಿಳಿಯಾಯಿತು. ಯಜಮಾನರು ಗೋಡೆಗೆ ಎರಡೂ ಅಂಗೈ ಇಟ್ಟುಕೊಂಡು ನಿಂತರು. ಕೈ ತೆಗೆದು ನೋಡಿಕೊಂಡರು. ಬೂದಿ ಹತ್ತಿತ್ತು, ನೀರಲ್ಲ.

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಚಿಟ್ಟೆ ಬಂದವು. ನೆಲಮಾಳಿಗೆಯ ಸ್ಟ್ಯಾಂಡುಗಳ ಮೇಲೆ ಬಿದಿರ ತಟ್ಟೆಗಳು, ತಟ್ಟೆಗಳ ತುಂಬ ರೆಕ್ಕೆ ಬಡಿಯುವ ಬಿಳಿ ಚಿಟ್ಟೆ. ಮೇಲೆ ಬಿಸಿಲು ಹೆಂಚನ್ನು ಕಾಯಿಸುತ್ತಿತ್ತು; ಕೆಳಗೆ ಹೊದ್ದುಕೊಳ್ಳುವಷ್ಟು ತಂಪು. ನನ್ನ ಕೆಲಸ ಮುಗಿದಿತ್ತು. ಆದರೆ ಹಾಳೆಗಳನ್ನು ನೋಡದೆ ಹೊರಡುವುದು ಸಾಧ್ಯವಾಗಲಿಲ್ಲ. ಕಂಟ್ರಾಕ್ಟರಿಗೆ ಇನ್ನೂ ಕೆಲವು ದಿನ ಬೇಕೆಂದು ಕಾಗದ ಬರೆದೆ. ಕಾರಣ ಬರೆಯಲಿಲ್ಲ.

ತೂಬಗೆರೆಯ ಕಡೆಯಿಂದ ಮೂವರು ರೈತರು ಬಂದರು. ಹಿಂದಿನ ಸಲ ಬೆಳೆ ಕಳೆದುಕೊಂಡವರು. ಯಜಮಾನರು ಅವರಿಗೆ ಗೋಡೆ ತೋರಿಸಬೇಕೆಂದು ಲಾಂದ್ರ ಹಚ್ಚಿದರು. ಹಿರಿಯ ರೈತ ಬೇಡ ಎಂದ. "ಗೋಡೆ ಕಟ್ಕೊಂಡು ನಾವೇನ್ ಮಾಡನ ಯಜಮಾನ್ರೇ. ಹಾಳೆ ಕೊಡಿ." ನಾನು ಪೈಪಿನ ವಿಷಯ ವಿವರಿಸಲು ಬಾಯಿ ತೆರೆದಿದ್ದೆ, ಮೇಸ್ತ್ರಿ ನನ್ನ ತೋಳು ಹಿಡಿದರು.

ರೈತ ಹಾಳೆಯನ್ನು ಬಾಗಿಲ ಬೆಳಕಿಗೆ ಒಯ್ದ. ಓರೆಯಾಗಿ ಹಿಡಿದು ನೋಡಿದ. ಮೂಗಿಗೆ ಹಿಡಿದು ನಿಧಾನವಾಗಿ ಮೂಸಿದ. ಹಿಂದೆ ತಿರುಗಿಸಿ ಇನ್ನೊಂದು ಸಲ ಮೂಸಿದ. ಇನ್ನಿಬ್ಬರೂ ಅವನ ಮುಖವನ್ನೇ ನೋಡುತ್ತಿದ್ದರು, ನಾವೂ ನೋಡುತ್ತಿದ್ದೆವು. ಅವನು ಹಾಳೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬುಟ್ಟಿಯಲ್ಲಿ ಹುಲ್ಲಿನ ಮೇಲಿಟ್ಟು ಮುಚ್ಚಿದ.

"ನಮ್ಮೂರಿಗೆ ಇನ್ನೂ ಹನ್ನೆರಡು ಹಾಳೆ ಬೇಕು" ಎಂದ.